ಮನೆಯಲ್ಲೇ ಕ್ರೋಮ್ ಹಾಕಬಹುದೇ?

ಪ್ರಶ್ನೆ: ತಂದೆಯವರ ಹಳೆಯ ಬೈಕಿನ ಹ್ಯಾಂಡಲ್, ನಟ್ಟು–ಬೋಲ್ಟುಗಳಿಗೆ ತುಕ್ಕು ಹಿಡಿದಿದೆ. ಬ್ಯಾಟರಿ ಚಾರ್ಜರ್ ಉಂಟು. ವಿನೆಗರಿಗೆ ಉಪ್ಪು ಹಾಕಿ ಸ್ಟೀಲ್ ಚಮಚ ಇಳಿಬಿಟ್ಟರೆ ಕ್ರೋಮ್ ಕೂರುತ್ತದೆಯಂತೆ. ಬೇಕಾದರೆ ಕ್ರೋಮಿಕ್ ಆಸಿಡ್ ತರಿಸುತ್ತೇನೆ. ಹೇಗೆ ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಚಮಚದಿಂದ ಕ್ರೋಮ್ ಹೊಳಪು ಬರುವುದಿಲ್ಲ. ಸ್ಟೀಲ್ ಕರಗಿ ನೀರು ಹಳದಿ–ಹಸಿರಾಗುತ್ತದೆ, ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ, ಕ್ರೋಮಿಯಮ್ಮಿನ ವಿಷಕಾರಿ ರೂಪ ಹುಟ್ಟಬಹುದು. ಕ್ರೋಮಿಕ್ ಆಸಿಡ್ ಅಂತೂ ಅದೇ ವಿಷದ ಗಟ್ಟಿ ರೂಪ. ಕಾರ್ಖಾನೆಯಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕರಗಿಸುತ್ತಾರೆ. ಹರಿಸಿದ ಕರೆಂಟಿನಲ್ಲಿ ಹೆಚ್ಚಿನ ಪಾಲು ಕ್ರೋಮ್ ಕೂರಿಸುವುದಿಲ್ಲ, ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದಾಗ ಆಸಿಡ್ ಮಂಜಾಗಿ ಮೇಲೇಳುತ್ತದೆ. ಅದು ಕ್ಯಾನ್ಸರ್‌ಕಾರಕ. ನಾನು ಕೆಲಸ ಕಲಿತ ಕಡೆ ತೊಟ್ಟಿಯ ಬಳಿ ನಿಲ್ಲುತ್ತಿದ್ದ ಹಿರಿಯರೊಬ್ಬರ ಮೂಗಿನ ನಡುಗೋಡೆಯೇ ತೂತಾಗಿತ್ತು.

ಉಳಿದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ನಮ್ಮದು ಮುರಕಲ್ಲಿನ ನೆಲ, ಹೊಯ್ದದ್ದು ಬಾವಿಗೂ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೂ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಎಂಡೋಸಲ್ಫಾನ್ ಕೀಟನಾಶಕದ ಕೇಡು ಕಂಡ ಊರಿನವರು ನಾವು.

ಇನ್ನೊಂದು ವಿಷಯ. ಹೊಳಪೆಲ್ಲ ಕ್ರೋಮಿನದಲ್ಲ, ಅದರಡಿಯ ನಿಕ್ಕಲ್ಲಿನದು. ಮೇಲಿನ ಕ್ರೋಮ್ ಅರ್ಧ ಮೈಕ್ರಾನೂ ಇರುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿ: ತುಕ್ಕು ಹರಡಿರುವುದಿಲ್ಲ, ಸೂಜಿಮೊನೆಯಷ್ಟು ತೂತುಗಳಿಂದ ಉಕ್ಕಿರುತ್ತದೆ. ಅಲ್ಯೂಮಿನಿಯಂ ಫಾಯಿಲ್ಲಿನ ತುಂಡನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಕಪ್ಪು ರಾಡಿ ಬರುತ್ತದೆ, ಒರೆಸಿದರೆ ಕೆಳಗೆ ಹೊಳಪು. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳದು. ಒಣಗಿಸಿ ಮೇಣ ಹಚ್ಚಿ. ಕಡಲಬದಿಗೆ ಹೋಗಿ ಬಂದ ದಿನ ಸಿಹಿನೀರಲ್ಲಿ ತೊಳೆಯಿರಿ. ಪದರವೇ ಎದ್ದುಹೋಗಿದ್ದರೆ ಮಾತ್ರ ಪ್ಲೇಟಿಂಗ್ ಅಂಗಡಿಗೆ ಕೊಡಿ.

ಕೈಯಾರೆ ಮಾಡುವ ಆಸೆ ಇದ್ದರೆ ಸಣ್ಣ ಬೋಲ್ಟುಗಳಿಗೆ ಸತು ಹಾಕಿ. ಗೊಬ್ಬರದಂಗಡಿಯ ಜಿಂಕ್ ಸಲ್ಫೇಟ್ ಲೀಟರ್ ನೀರಿಗೆ ಸುಮಾರು 200 ಗ್ರಾಂ ಸಾಕು. ಸತುವಿನ ತಗಡು ಪ್ಲಸ್ಸಿಗೆ, ತುಕ್ಕು ಪೂರ್ತಿ ತೆಗೆದ ಬೋಲ್ಟು ಮೈನಸ್ಸಿಗೆ. ಚಾರ್ಜರ್ ಬೇಡ, ಒಂದು ಟಾರ್ಚ್ ಸೆಲ್ ಸಾಕು. ಬೂದುಬಣ್ಣ ಬರುತ್ತದೆ, ಕನ್ನಡಿಯ ಹೊಳಪಲ್ಲ. ಗಾಳಿಯಾಡುವಲ್ಲಿ, ಕೈಗವಸು ತೊಟ್ಟು ಮಾಡಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಬ್ರೇಕಿನ, ಆಕ್ಸಲ್ಲಿನ ಬೋಲ್ಟುಗಳನ್ನು ಮಾತ್ರ ಮುಟ್ಟಬೇಡಿ: ಪ್ಲೇಟಿಂಗ್ ವೇಳೆ ಹೈಡ್ರೋಜನ್ ಒಳಹೊಕ್ಕರೆ ಗಟ್ಟಿ ಉಕ್ಕು ಪೆಡಸಾಗಿ, ಓಡುತ್ತಿರುವಾಗಲೇ ಮುರಿದೀತು.