ಸ್ಕ್ಯಾನ್ ನಾರ್ಮಲ್, ಆದರೂ ಪಾರ್ಕಿನ್ಸನ್ ಅಂದರೆ ಹೇಗೆ?

ಮಾವನವರಿಗೆ ಪಾರ್ಕಿನ್ಸನ್ ಅಂದರು, ಸ್ಕ್ಯಾನ್‌ನಲ್ಲಿ ಮಾತ್ರ ಏನೂ ಇಲ್ಲ, ನರಕೋಶಗಳ ನಡುವೆ ಸಂದೇಶ ಹೋಗುತ್ತಿಲ್ಲ ಅಂದರೆ ಏನರ್ಥ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮಪ್ಪನಿಗೂ ಇದೇ ಕಾಯಿಲೆ, ಎಂಟು ವರ್ಷದಿಂದ ಜೊತೆಗಿದ್ದು ನೋಡುತ್ತಿದ್ದೇನೆ.

ನಮಗೆ ಮೊದಲು ಕಂಡಿದ್ದು ನಡುಕ ಅಲ್ಲ, ಅಕ್ಷರ. ಬಸವನಗುಡಿಯ ಮನೆಯಲ್ಲಿ ಅಪ್ಪ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದರು. ಯುಗಾದಿಗೆ ದುಂಡಗಿದ್ದ ಅಂಕಿಗಳು ದೀಪಾವಳಿ ಹೊತ್ತಿಗೆ ಸಾಸಿವೆ ಕಾಳಿನಷ್ಟಾಗಿದ್ದವು. ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಬಂತು. ಹತ್ತಿರದ ಡಾಕ್ಟರೊಬ್ಬರು "ನರ ವೀಕ್" ಅಂತ ಆರು ತಿಂಗಳು ವಿಟಮಿನ್ ಇಂಜೆಕ್ಷನ್ ಚುಚ್ಚಿದರು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೈಯ ನರಕ್ಕೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಮೆದುಳಿನೊಳಗೆ. ಅಲ್ಲಿ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 20 ನ್ಯಾನೋಮೀಟರ್ ಸಂದು ಇರುತ್ತದೆ. ತಲೆಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಚಿಕ್ಕದು. ವಿದ್ಯುತ್ ಸಂಕೇತ ಅಲ್ಲಿಗೆ ಬಂದು ನಿಲ್ಲುತ್ತದೆ, ಆಚೆ ದಡಕ್ಕೆ ಸುದ್ದಿ ಮುಟ್ಟಿಸುವುದು ಒಂದು ರಾಸಾಯನಿಕ. ಕೈಕಾಲು ಸರಾಗವಾಗಿ ಆಡಲು ಬೇಕಾದದ್ದು ಡೋಪಮೈನ್. ಅದನ್ನು ತಯಾರಿಸುವ ಕೋಶಗಳು ಮೆದುಳಿನ ಬುಡದಲ್ಲಿ ಕಪ್ಪು ಪಟ್ಟೆಯ ಹಾಗಿವೆ. ಪಾರ್ಕಿನ್ಸನ್‌ನಲ್ಲಿ ಅವು ಸಾಯುತ್ತಾ ಹೋಗಿ ಪಟ್ಟೆ ಬಿಳಿಚಿಕೊಳ್ಳುತ್ತದೆ. ಮಾಮೂಲಿ ಎಂಆರ್‌ಐನಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ.

ಇದು ಗೊತ್ತಾದ ಕತೆಯಲ್ಲಿ ನಮ್ಮ ಕಡೆಯ ಗಿಡವೂ ಇದೆ. ಸರ್ಪಗಂಧದ ಬೇರಿನಲ್ಲಿ ಸಿಗುವ ರಿಸರ್ಪಿನ್ ಕೊಟ್ಟರೆ ಮೆದುಳಿನ ಡೋಪಮೈನ್ ಬರಿದಾಗಿ ಮೊಲಗಳು ಅಲ್ಲಾಡದೆ ಕೂತುಬಿಡುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಅವಕ್ಕೆ ಡೋಪಮೈನ್ ತಯಾರಾಗುವ ಕಚ್ಚಾವಸ್ತುವಾದ ಎಲ್-ಡೋಪ ಚುಚ್ಚಿದರು, ಮೊಲಗಳು ಎದ್ದು ಓಡಾಡಿದವು. 2000ದಲ್ಲಿ ನೊಬೆಲ್ ಬಂತು. ಅಪ್ಪ ನುಂಗುವ ಮಾತ್ರೆಯಲ್ಲೂ ಅದೇ ಇದೆ. ಡೋಪಮೈನನ್ನೇ ಕೊಟ್ಟರೆ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ, ಎಲ್-ಡೋಪ ದಾಟಿ ಒಳಗೆ ಡೋಪಮೈನ್ ಆಗುತ್ತದೆ. ಮುಟ್ಟಿದರೆ ಮೈಯೆಲ್ಲ ತುರಿಸುತ್ತದಲ್ಲ, ಆ ನಸುಗುನ್ನಿಯ ಬೀಜದಲ್ಲೂ ಇದಿದೆ. ಹಾಗಂತ ಪುಡಿ ತರಿಸಿ ತಿನ್ನಿಸಬೇಡಿ, ಡೋಸ್ ಲೆಕ್ಕಕ್ಕೆ ಸಿಗುವುದಿಲ್ಲ.

ಲೆಕ್ಕ ಯಾಕೆ ಮುಖ್ಯ ಅಂದರೆ, ಜಾಸ್ತಿಯಾದರೂ ಕಷ್ಟ. ಒಮ್ಮೆ ಡೋಸ್ ಏರಿಸಿದಾಗ ಅಪ್ಪನ ಭುಜ, ಕತ್ತು ತಾವಾಗಿಯೇ ತೂಗಾಡುತ್ತಿದ್ದವು. ಮೂರ್ಛೆ ರೋಗದಲ್ಲೂ ಇಂಥದ್ದೇ ಏರುಪೇರು: ಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಮೇಲುಗೈ ಆಗಿ, ತಡೆಯುವ ಗಾಬಾ ಸಾಲದೆ ಹೋಗಬಹುದು. ಆಲ್‌ಝೈಮರ್ಸ್‌ನಲ್ಲಿ ಕಡಿಮೆಯಾಗುವುದು ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ಸುದ್ದಿಗಾರ ರಾಸಾಯನಿಕ.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಅವರೆಕಾಯಿ ಕಾಲದಲ್ಲಿ ಅಪ್ಪ ಹಿತಕಬೇಳೆ ಸಾರಿನ ಊಟದ ಜೊತೆಗೇ ಮಾತ್ರೆ ನುಂಗಿದರು. ಒಂದು ಗಂಟೆಯಾದರೂ ಮಾತ್ರೆ ಹತ್ತಲೇ ಇಲ್ಲ. ಬಚ್ಚಲ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟರು. ಪ್ರೋಟೀನ್ ಮತ್ತು ಈ ಮಾತ್ರೆ ಒಳಗೆ ಹೋಗಲು ಒಂದೇ ಬಾಗಿಲಲ್ಲಿ ನೂಕಾಡುತ್ತವಂತೆ. ಈಗ ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ. ನಿಮ್ಮ ಡಾಕ್ಟರನ್ನೂ ಕೇಳಿ ನೋಡಿ. ಹೋಗುವ ಮುಂಚೆ ಮಾತ್ರೆ ಎಷ್ಟೊತ್ತಿಗೆ, ಊಟ ಎಷ್ಟೊತ್ತಿಗೆ, ಕಾಲು ನೆಲಕ್ಕೆ ಅಂಟಿಕೊಂಡಿದ್ದು ಯಾವಾಗ ಅಂತ ಒಂದು ವಾರ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಮ್ಮ ಬರೆಯುತ್ತಾರೆ.