ಸಾಸಿವೆ ಗಾತ್ರದ ಶಂಖಕ್ಕೆ ಹೆಸರು ಹುಡುಕೋದು ಹೇಗೆ?

ಪ್ರಶ್ನೆ: ಸಿಸಿಲಿಯ ಕಡಲಲ್ಲಿ ಡೈವಿಂಗ್ ಮಾಡುವ ಗೆಳೆಯರೊಬ್ಬರು 25 ಮೀಟರ್ ಆಳದಿಂದ ತಂದ ಒಂದು ಚಮಚ ಮರಳು ಕೊಟ್ಟರು. ಅದರಲ್ಲಿ 2–3 ಮಿಲಿಮೀಟರಿನ ಶಂಖಗಳಿವೆ. ನಾಲ್ಕು ಚಿತ್ರ ಕಳಿಸಿದ್ದೇನೆ. ಇವು ದೊಡ್ಡ ಶಂಖಗಳ ಮರಿಗಳೇ? ನಾಲ್ಕನೆಯದು ಎಡಕ್ಕೆ ಸುತ್ತಿದೆ, ಅದರಲ್ಲಿ ಏನಾದರೂ ಊನವಿದೆಯೇ?

ಉತ್ತರ: ಊನ ಖಂಡಿತ ಅಲ್ಲ. ಆ ನಾಲ್ಕನೇ ಚಿತ್ರ ನೋಡಿ ನನಗೆ ತುಂಬಾ ಖುಷಿಯಾಯಿತು. ಟ್ರೈಫೋರಿಡೆ ಕುಟುಂಬದ ಬಹುತೇಕ ಶಂಖಗಳು ಸುತ್ತೋದೇ ಎಡಕ್ಕೆ. ಮೈತುಂಬ ಮಣಿ ಪೋಣಿಸಿದ ಸಾಲುಗಳಿರುತ್ತವೆ, ಇವಕ್ಕೆ ಸ್ಪಂಜುಗಳೇ ಊಟ. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರಲಿ. ಬಾಯಿ ಎಡಗಡೆ ಕಂಡರೆ ಎಡಸುತ್ತು. ಚಿತ್ರವನ್ನಲ್ಲ, ಶಂಖವನ್ನೇ ನೋಡಿ. ಕೆಲವು ಕ್ಯಾಮೆರಾಗಳು ಕನ್ನಡಿಯಂತೆ ಎಡ-ಬಲ ಅದಲುಬದಲು ಮಾಡುತ್ತವೆ. ಅಂಥ ಒಂದು ಚಿತ್ರ ನಂಬಿ ನಾನು ಎರಡು ಸಂಜೆ ತಪ್ಪು ಕುಟುಂಬದಲ್ಲಿ ಹುಡುಕಿದ್ದೆ.

ಉಳಿದವು ಮರಿಗಳಲ್ಲ, ಇಷ್ಟೇ ಬೆಳೆಯುವ ಜಾತಿಗಳು. ಮೊದಲ ಮೂರರಲ್ಲೂ ಬಾಯಿಯ ಹೊರ ಅಂಚು ದಪ್ಪಗಿದೆ, ಅಲ್ವಾ? ರಿಸ್ಸೊಯಿಡೆ ಕುಟುಂಬದಲ್ಲಿ ಅದು ಬೆಳೆದು ಮುಗಿದ ಗುರುತು. ಮೈಮೇಲೆ ಬಲೆ ನೇಯ್ದಂತೆ ಅಡ್ಡ, ಉದ್ದ ಏಣುಗಳಿರುವುದರಿಂದ ಮೂರೂ ಅಲ್ವೇನಿಯಾ ಕುಲದವು ಅನ್ನಿಸುತ್ತದೆ. ಮೆಡಿಟರೇನಿಯನ್ನಿನಲ್ಲಿ ಈ ಕುಲದ ಜಾತಿಗಳು ಬಹಳ. ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬಯಲಲ್ಲಿ, ಅದರ ಬೇರಿನ ಸಂದಿಯಲ್ಲಿ ಧಾರಾಳವಾಗಿ ಸಿಗುತ್ತವೆ.

ಜಾತಿ ಹೇಳಬೇಕಾದರೆ ಬಣ್ಣ ನೋಡಬೇಡಿ, ತಳದಲ್ಲಿ ಬಿದ್ದಿದ್ದರೆ ಮಾಸಿರುತ್ತದೆ. ನೋಡಬೇಕಾದದ್ದು ತುದಿ. ಮೊಟ್ಟಮೊದಲ ಸುತ್ತುಗಳು ಅದರ ಮರಿಗಾಲದ ಚಿಪ್ಪು, ದೊಡ್ಡದಾದ ಮೇಲೂ ಹಾಗೇ ಉಳಿಯುತ್ತದೆ. ಅಲ್ಲಿ ಸಣ್ಣ ಸಣ್ಣ ಸುತ್ತುಗಳು ಜಾಸ್ತಿ ಇದ್ದರೆ ಮರಿ ನೀರಲ್ಲಿ ತೇಲುತ್ತಾ, ತಿನ್ನುತ್ತಾ ಬೆಳೆದಿದೆ. ಉಬ್ಬಿದ ಒಂದೋ ಒಂದೂವರೆಯೋ ಸುತ್ತಿದ್ದರೆ ಹೆಚ್ಚು ತೇಲದೆ ತಳದಲ್ಲೇ ಉಳಿದಿದೆ. ಕೆಳಗಿನ ಮೈ ಒಂದೇ ಥರ ಇದ್ದು ತುದಿಯಲ್ಲಿ ಮಾತ್ರ ಬೇರೆಯಾಗುವ ಜಾತಿಗಳೂ ಇವೆ. ಪಿರಮಿಡೆಲ್ಲಿಡೆ ಅನ್ನುವ ಇನ್ನೊಂದು ಕುಟುಂಬದವಂತೂ ಮರಿಯಾಗಿದ್ದಾಗ ಎಡಕ್ಕೆ ಸುತ್ತಿ ಆಮೇಲೆ ಬಲಕ್ಕೆ ತಿರುಗುತ್ತವೆ! ತುದಿ ವಾಲಿಕೊಂಡಂತೆ ಕಾಣುತ್ತದೆ.

ಶಂಖವನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ, ಚಿಮಟದಿಂದ ಒತ್ತಬೇಡಿ. ವಿನೆಗರ್ ಹಾಕಿ ತೊಳೆಯಲೇಬೇಡಿ, ಚಿಪ್ಪು ಸುಣ್ಣದ್ದು, ಗೀರುಗಳೆಲ್ಲ ಕರಗುತ್ತವೆ. ಜಾಗ, ಆಳ, ತಾರೀಖು ಬರೆದ ಚೀಟಿ ಪ್ರತಿ ಸೀಸೆಯಲ್ಲೂ ಇರಲಿ.

ನಿಮ್ಮ ಮೂರನೆಯದರ ತುದಿ ಮುರಿದಿದೆ, ಅದಕ್ಕೆ ಅಲ್ವೇನಿಯಾ ಅಂತಷ್ಟೇ ಬರೆದಿಡಿ. ಉಳಿದ ಮೂರರ ತುದಿಯನ್ನು ನೇರ ಮೇಲಿನಿಂದ, ಪಕ್ಕದಲ್ಲಿ ಮಿಲಿಮೀಟರ್ ಗೆರೆಯ ಕಾಗದ ಇಟ್ಟು ಚಿತ್ರ ತೆಗೆದು ಕಳಿಸಿ. ಕಾಯುತ್ತಿರುತ್ತೇನೆ.