ಮೂರು ಪುಟ್ಟ ಮಕ್ಕಳು, ಒಂದು ರೆಸಾರ್ಟ್, ದಿನವಿಡೀ ಜಗಳ

ಶಾಲಿನಿ (34) ಮತ್ತು ಶ್ರೀಧರ್ (37) ಬೆಂಗಳೂರಿನ ದಂಪತಿ; ಹೆಸರು, ಗುರುತು ಬದಲಿಸಲಾಗಿದೆ. ಏಳು ವರ್ಷದ ಮಗಳು, ನಾಲ್ಕರ ಮಗ, ಒಂದೂವರೆ ವರ್ಷದ ಕೂಸು. ಜೊತೆಗೆ ಮಂಡಿನೋವಿರುವ ಶ್ರೀಧರ್ ಅವರ ತಾಯಿ. ದಸರಾ ರಜೆಯಲ್ಲಿ ಎರಡು ರಾತ್ರಿಗೆಂದು ಕೊಡಗಿನ ರೆಸಾರ್ಟೊಂದಕ್ಕೆ ಹೋಗಿ ಬಂದ ಮೇಲೆ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಬೇಸಿಗೆಗೆ ಇನ್ನೊಂದು ರೆಸಾರ್ಟ್ ಬುಕ್ ಮಾಡೋಣವೇ ಎಂದು ಗಂಡ ಕೇಳಿದಾಗ ಹೆಂಡತಿ ಅತ್ತುಬಿಟ್ಟರು. ಅದಾದ ಮೇಲೆ ಆಪ್ತಸಲಹೆಗೆ ಬಂದರು.

“ಅಷ್ಟು ದುಡ್ಡು ಸುರಿದು ಕರ್ಕೊಂಡು ಹೋದ್ರೂ ಮುಖ ಗಂಟು ಹಾಕ್ಕೊಂಡೇ ಇದ್ಲು ಮೇಡಂ” ಎಂದರು ಶ್ರೀಧರ್. ಶಾಲಿನಿ ಹೇಳಿದ್ದು: “ಮನೇಲಾದ್ರೆ ಕುಕ್ಕರ್ ಇದೆ, ಕೆಲಸದವರು ಬರ್ತಾರೆ. ಅಲ್ಲಿ ಅವೇನೂ ಇಲ್ದೆ ಅದೇ ಕೆಲಸ ಮಾಡಿದೆ.”

ಇಂಥ ಜಗಳದಲ್ಲಿ ಯಾರದು ಸರಿ ಎಂದು ವಿಚಾರಿಸುತ್ತ ಕೂತರೆ ಭೇಟಿಯ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಆ ಪ್ರವಾಸದ ಎರಡನೆಯ ದಿನ ಬೆಳಗಿನಿಂದ ರಾತ್ರಿವರೆಗೆ ತಾವು ಏನೇನು ಮಾಡಿದೆವು ಎಂದು ಇಬ್ಬರಿಗೂ ಬೇರೆ ಬೇರೆ ಹಾಳೆಯಲ್ಲಿ ಬರೆಯಲು ಹೇಳಿದೆವು. ಶ್ರೀಧರ್ ಬರೆದದ್ದು ಆರು ಸಾಲು: ತಿಂಡಿ, ಈಜುಕೊಳ, ತಲಕಾವೇರಿ, ಅಬ್ಬಿ ಜಲಪಾತ, ಕ್ಯಾಂಪ್‌ಫೈರ್, ನಿದ್ದೆ. ಶಾಲಿನಿಯವರ ಹಾಳೆ ಎರಡೂ ಬದಿ ತುಂಬಿತ್ತು. ಬೆಳಿಗ್ಗೆ ಐದೂಮುಕ್ಕಾಲಿಗೆ ಕೂಸು ಎದ್ದಿತು. ಅಡುಗೆಮನೆ ತೆರೆಯುವುದು ಏಳೂವರೆಗೆ, ಅಲ್ಲಿವರೆಗೆ ಹಾಲಿಲ್ಲ. ತಲಕಾವೇರಿಯ ತಿರುವುಗಳಲ್ಲಿ ಮಗ ಎರಡು ಸಲ ವಾಂತಿ ಮಾಡಿದ. ಬದಲಿ ಬಟ್ಟೆ ಡಿಕ್ಕಿಯ ತಳದಲ್ಲಿತ್ತು. ಅಬ್ಬಿಯ ಮೆಟ್ಟಿಲ ಮೇಲೆಯೇ ಅತ್ತೆ ಕುಳಿತರು, ಕೂಸನ್ನು ಎತ್ತಿಕೊಂಡು ಶಾಲಿನಿಯೂ ಅವರ ಜೊತೆ ಉಳಿದರು. ರಾತ್ರಿ ಊಟ ಶುರುವಾಗುವುದೇ ಎಂಟೂವರೆಗೆ. ಎಂಟಕ್ಕೆ ಮಲಗುವ ಮಕ್ಕಳು ಅತ್ತು ಅತ್ತು ಹಸಿದೇ ನಿದ್ದೆಹೋದರು.

ಹಾಳೆಗಳನ್ನು ಅದಲುಬದಲು ಮಾಡಿ ಓದಿಸಿದೆವು. ಶ್ರೀಧರ್ ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ “ಹಾಲಿನ ವಿಷ್ಯ ಗೊತ್ತೇ ಇರ್ಲಿಲ್ಲ” ಎಂದರು. ಗೊತ್ತಿರಲಿಲ್ಲ ಎಂಬುದು ನಿಜ, ಆ ಹೊತ್ತಿನಲ್ಲಿ ಅವರು ನಿದ್ದೆಯಲ್ಲಿದ್ದರು. ಕೆಟ್ಟ ಮನಸ್ಸಿಗಿಂತ ಇಂಥ ತಿಳಿಯದ ಸಂಗತಿಗಳೇ ಮನೆಗಳಲ್ಲಿ ಹೆಚ್ಚು ಮುನಿಸು ಬೆಳೆಸುತ್ತವೆ.

ಪುಟ್ಟ ಮಕ್ಕಳಿರುವ ಮನೆಗೆ ಸುಲಭದ ರಜೆ ಬೇಕಿದ್ದರೆ ಮಕ್ಕಳ ಊಟ, ನಿದ್ದೆಯ ಹೊತ್ತು ಅಲುಗಬಾರದು. ಯಾವ ಗಂಟೆ ಯಾರ ಹೊಣೆ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರಬೇಕು. ಉಳಿದ ಸಲಹೆಗಳೆಲ್ಲ ಇದಕ್ಕೆ ಹೊಂದಿಕೊಂಡವು.

ಜಾಗ ಹತ್ತಿರದ್ದಿರಲಿ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ., ಕೊನೆಯ ಭಾಗ ಏರು ಮತ್ತು ತಿರುವು. ಮೈಸೂರಿಗೆ ಸುಮಾರು 145, ದಾರಿಯೂ ನೇರ. ಮಲೆನಾಡೇ ಬೇಕೆಂದರೆ ಸಕಲೇಶಪುರ ಒಂದು ಆಯ್ಕೆ. ಶಿರಾಡಿ ಘಾಟಿ ಶುರುವಾಗುವುದು ಅದರ ಆಚೆ. ಆದರೆ ತೋಟದೊಳಗಿನ ರೆಸಾರ್ಟುಗಳಿಗೆ ಕೊನೆಯ ಕೆಲವು ಕಿಲೋಮೀಟರ್ ಜೀಪ್ ದಾರಿ ಇರಬಹುದು, ಕೇಳಿಕೊಳ್ಳಿ. ಮಳೆಗಾಲವಾದರೆ ಇಂಬಳ (ಜಿಗಣೆ) ಹತ್ತುತ್ತವೆ, ನೆಲದಲ್ಲಿ ಆಡುವ ಮಕ್ಕಳಿರುವವರು ಆ ತಿಂಗಳುಗಳನ್ನು ಬಿಡುವುದೇ ಮೇಲು. ಎರಡು ರಾತ್ರಿಗಿಂತ ಮೂರು ರಾತ್ರಿ ಒಳ್ಳೆಯದು, ಮೊದಲ ರಾತ್ರಿ ಹೊಸ ಜಾಗದಲ್ಲಿ ಮಕ್ಕಳಿಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ಹೊರಗೆ ಸುತ್ತುವುದು ದಿನಕ್ಕೆ ಒಂದೇ ಕಡೆ, ಒಂದು ದಿನ ಎಲ್ಲಿಗೂ ಇಲ್ಲ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಅದನ್ನು ಮರೆತು ಗೇಟಿನ ಮುಂದೆ ಮೂವರು ಅಳುವ ಮಕ್ಕಳೊಂದಿಗೆ ನಿಲ್ಲುವವರು ಕಡಿಮೆಯೇನಲ್ಲ.

ಬುಕ್ ಮಾಡುವ ಮೊದಲು ರೆಸಾರ್ಟಿಗೆ ಫೋನ್ ಮಾಡುವ ಕೆಲಸ ಶ್ರೀಧರ್ ಅವರ ಪಾಲಿಗೆ ಬಂತು. ಕೇಳಬೇಕಾದ್ದನ್ನು ಬರೆದುಕೊಟ್ಟೆವು. ಕೋಣೆ ನೆಲಮಹಡಿಯಲ್ಲಿದೆಯೇ, ಊಟದ ಮನೆಗೆ ಎಷ್ಟು ಮೆಟ್ಟಿಲು? ಒಳಗಿಂದಲೇ ಬಾಗಿಲಿರುವ ಎರಡು ಕೋಣೆ ಸಿಗುತ್ತದೆಯೇ? ನೆಲಕ್ಕೆ ಹೆಚ್ಚುವರಿ ಹಾಸಿಗೆ? ಸಂಜೆ ಏಳಕ್ಕೆ ಮಕ್ಕಳಿಗಷ್ಟೇ ಅನ್ನ, ಬೇಳೆ, ಮೊಸರು ಕೊಡುತ್ತಾರೆಯೇ? ರಾತ್ರಿ ಫ್ಲಾಸ್ಕಿಗೆ ಬಿಸಿ ಹಾಲು? ಕೋಣೆಯ ಮುಂದೆ ಕೆರೆ, ಹೊಂಡ, ಬೇಲಿಯಿಲ್ಲದ ಕೊಳ ಇದೆಯೇ? ಯಾವ ವಯಸ್ಸಿನಿಂದ ಮಕ್ಕಳಿಗೆ ಹಣ? ಉತ್ತರಗಳನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ. ಫೋನಿನಲ್ಲಿ “ಆಗುತ್ತೆ ಸಾರ್” ಎಂದವರು ನೀವು ಹೋದ ದಿನ ಕೆಲಸದಲ್ಲಿ ಇರುವುದಿಲ್ಲ.

ಪ್ರಯಾಣದ ವಾಂತಿ ಎರಡು ವರ್ಷದೊಳಗೆ ಅಪರೂಪ, ಎರಡರಿಂದ ಹನ್ನೆರಡರವರೆಗೆ ಹೆಚ್ಚು. ಹೊರಡುವ ಒಂದು ಗಂಟೆ ಮೊದಲು ಇಡ್ಲಿಯಂಥ ಹಗುರ ತಿಂಡಿ ಸಾಕು. ಹೊಟ್ಟೆತುಂಬ ಹಾಲು ಬೇಡ, ಕಾರಿನಲ್ಲಿ ಮೊಬೈಲ್ ಬೇಡ. ಏಳು ಸೀಟಿನ ಕಾರಿನ ಕೊನೆಯ ಸಾಲು ಹೆಚ್ಚು ಕುಲುಕುತ್ತದೆ, ಹಾಗಾಗಿ ನಾಲ್ಕರ ಮಗ ಮಧ್ಯದ ಸಾಲಿಗೆ. ಕೂಸು ಯಾರ ತೊಡೆಯ ಮೇಲೂ ಅಲ್ಲ, ಚೈಲ್ಡ್ ಸೀಟಿನಲ್ಲಿ. ಒಂದೂವರೆ ಗಂಟೆಗೊಮ್ಮೆ ಇಳಿಸಬೇಕು. ಒಂದು ಜೊತೆ ಬಟ್ಟೆ, ಟವೆಲ್, ಪ್ಲಾಸ್ಟಿಕ್ ಕವರ್ ಕೈಗೆಟುಕುವಲ್ಲಿರಲಿ. ಮಾತ್ರೆ, ಸಿರಪ್ ವಿಚಾರ ಮಕ್ಕಳ ವೈದ್ಯರದು; ಜ್ವರದ ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿದೆ, ಮೂವರದನ್ನೂ ಚೀಟಿಯಲ್ಲಿ ಬರೆಸಿ ಬಾಟಲಿಗೆ ಅಂಟಿಸಿಡಿ. ಓಆರ್‌ಎಸ್ ದೊಡ್ಡ ಪೊಟ್ಟಣವಾದರೆ ಇಡೀ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಪುಡಿಯನ್ನು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪಿನಂಶ ಹೆಚ್ಚಾಗಿ ತೊಂದರೆಯಾಗುತ್ತದೆ.

ಬಟ್ಟೆ ಕಟ್ಟುವುದಕ್ಕೆ ಒಂದು ಉಪಾಯ: ಒಬ್ಬ ಮಗುವಿನ ಒಂದು ದಿನದ ಚಡ್ಡಿಯಿಂದ ಟೋಪಿವರೆಗೆ ಎಲ್ಲವೂ ಒಂದೇ ಪಾರದರ್ಶಕ ಕವರಿನಲ್ಲಿ, ಮೇಲೆ ಹೆಸರು. ಯಾರು ಬೇಕಾದರೂ ತೆಗೆದು ತೊಡಿಸಬಹುದು, “ಇವನ ಬನಿಯನ್ ಎಲ್ಲಿ?” ಎಂದು ಶಾಲಿನಿಯನ್ನು ಕೂಗಬೇಕಿಲ್ಲ. ಒದ್ದೆ ಬಟ್ಟೆ ಅದೇ ಕವರಿಗೆ ವಾಪಸ್.

ಈಜುಕೊಳದ ವಿಚಾರದಲ್ಲಿ ಮಾತ್ರ ಗಟ್ಟಿಯಾಗಿಯೇ ಹೇಳಿದೆವು. ಮಗು ಮುಳುಗುವಾಗ ಹೆಚ್ಚಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಗಾಳಿ ತುಂಬಿದ ತೋಳಪಟ್ಟಿ ಆಟದ ಸಾಮಾನೇ ಹೊರತು ರಕ್ಷಣೆಯಲ್ಲ. ನಾಲ್ವರು ದೊಡ್ಡವರು ಸುತ್ತ ಕೂತಿದ್ದರೂ “ಅವರು ನೋಡ್ತಿದ್ದಾರೆ” ಎಂದು ಪ್ರತಿಯೊಬ್ಬರೂ ಅಂದುಕೊಂಡರೆ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ ಹದಿನೈದು ನಿಮಿಷಕ್ಕೊಬ್ಬರು ಕಾವಲು: ಫೋನ್ ಇನ್ನೊಬ್ಬರ ಕೈಗೆ ಕೊಟ್ಟು, “ಈಗ ನಿಂದು”, “ಆಯ್ತು, ನಂದು” ಎಂದು ಬಾಯಿಬಿಟ್ಟು ಹೇಳಿ ಬದಲಾಗಬೇಕು. ಚಿಕ್ಕವರಿಬ್ಬರು ನೀರಿನಲ್ಲಿದ್ದಾಗ ಒಬ್ಬೊಬ್ಬರಿಗೆ ಒಬ್ಬ ದೊಡ್ಡವರು, ಕೈಗೆಟುಕುವಷ್ಟು ಹತ್ತಿರ. ಅತ್ತೆಯನ್ನು ಈ ಸರದಿಗೆ ಸೇರಿಸಬೇಡಿ ಎಂದೆವು. ಒಂದು ಭೇಟಿಗೆ ಬಂದಿದ್ದ ಅವರೇ ಹೇಳಿದ್ದರು: “ನಂಗೆ ಹೊತ್ತಿಗೆ ಕಾಫಿ ಕೊಡ್ಸಿ ಸಾಕು. ನೀರಿನ ಹತ್ರ ಮಕ್ಕಳನ್ನ ನೋಡ್ಕೊ ಅನ್ಬೇಡಿ, ನನ್ನ ಕೈಲಿ ಓಡಕ್ಕಾಗಲ್ಲ.” ಮಾತ್ರವಲ್ಲ, ಅಜ್ಜಿಯನ್ನು ಕರೆದೊಯ್ಯುವುದು ಮಕ್ಕಳನ್ನು ಬಿಟ್ಟುಹೋಗಲು ಎಂದು ಅವರಿಗೆ ಅನ್ನಿಸಿತ್ತು. ಅದನ್ನು ಮಗ ಮೊದಲ ಸಲ ಕೇಳಿಸಿಕೊಂಡರು.

ಗಂಟೆಗಳನ್ನು ಹೀಗೆ ಹಂಚಿದೆವು. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಶ್ರೀಧರ್, ಹಿಂದಿನ ರಾತ್ರಿಯ ಫ್ಲಾಸ್ಕಿನ ಬಿಸಿನೀರು ಮತ್ತು ಮನೆಯಿಂದ ತಂದ ಹಾಲಿನ ಪುಡಿಯೊಂದಿಗೆ. ಮಧ್ಯಾಹ್ನ ಒಂದರಿಂದ ಮೂರು ಎಲ್ಲರೂ ಕೋಣೆಯಲ್ಲಿ, ಪರದೆ ಎಳೆದು. ಮೂರೂವರೆಯಿಂದ ಐದೂವರೆ ಶಾಲಿನಿಯ ಸ್ವಂತ ಸಮಯ. ಮರುದಿನ ಅದೇ ಹೊತ್ತು ಶ್ರೀಧರ್‌ಗೆ. ಸ್ವಂತ ಸಮಯದಲ್ಲಿರುವವರನ್ನು ಜ್ವರ, ರಕ್ತ ಎರಡಕ್ಕೆ ಬಿಟ್ಟು ಕರೆಯುವಂತಿಲ್ಲ. ಈ ನಿಯಮ ಶಾಲಿನಿಗೇ ಹೆಚ್ಚು ಕಷ್ಟವಾಗುತ್ತದೆಂದು ಎಚ್ಚರಿಸಿದೆವು: ಗಂಡ ಮಗುವಿಗೆ ತಿರುಗುಮುರುಗಾಗಿ ಅಂಗಿ ತೊಡಿಸಿದರೂ ಎದ್ದು ಸರಿಮಾಡಬಾರದು.

ಏಪ್ರಿಲ್‌ನಲ್ಲಿ ಮೈಸೂರಿನ ಹೊರವಲಯದ ಒಂದು ಕಡೆ ಮೂರು ರಾತ್ರಿ ಇದ್ದು ಬಂದರು. ಬಿಸಿಲಿಗೆ ಹೆದರಿ ಹತ್ತರೊಳಗೆ ಮತ್ತು ನಾಲ್ಕೂವರೆಯ ನಂತರವಷ್ಟೇ ಹೊರಗೆ. ಏಳು ಗಂಟೆಯ ಮೊಸರನ್ನ ಎರಡು ದಿನ ಸಮಯಕ್ಕೆ ಬಂತು, ಮೂರನೆಯ ದಿನ ಮದುವೆ ಗುಂಪೊಂದು ಬಂದಿದ್ದರಿಂದ ಬರಲಿಲ್ಲ; ತಂದಿದ್ದ ಅವಲಕ್ಕಿ ಕೈಹಿಡಿಯಿತು. ಬೆಳಗಿನ ಪಾಳಿ ಶ್ರೀಧರ್ ತಪ್ಪಿಸಲಿಲ್ಲ. ಆದರೆ ಲ್ಯಾಪ್‌ಟಾಪ್ ಒಯ್ದಿದ್ದರು, ತಮ್ಮ ಸ್ವಂತ ಸಮಯವನ್ನು ಆಫೀಸ್ ಕರೆಗಳಲ್ಲೇ ಕಳೆದರು. ಇನ್ನೊಂದು ಸಂಗತಿ ಯೋಜನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ: ಎಲ್ಲವೂ ಚಿಕ್ಕವರ ಹೊತ್ತಿಗೆ ತಕ್ಕಂತೆ ನಡೆದು, ಏಳರ ಮಗಳು ಬೇಸರದಿಂದ ಮುನಿಸಿಕೊಂಡಿದ್ದಳು. ಮುಂದಿನ ಸಲ ಮಧ್ಯಾಹ್ನದ ಆ ಎರಡು ಗಂಟೆಯಲ್ಲಿ ಅವಳನ್ನು ಮಲಗಿಸದೆ, ಅಪ್ಪನ ಜೊತೆ ಕೇರಂ ಆಡಲು ಬಿಡುವುದೆಂದು ತೀರ್ಮಾನವಾಗಿದೆ. ಲ್ಯಾಪ್‌ಟಾಪಿನ ಮಾತು ಇನ್ನೂ ನಡೆಯುತ್ತಿದೆ.